ಮುಂದಿನ ಸಾಲಿನ ಎಡಗಡೆಯ ಕುರ್ಚಿ

ಅವನು ಸತ್ತ ದಿನದಿಂದ ಈ ಊರಿನಲ್ಲಿ ಯಾರು ಸಿಕ್ಕರೂ ಒಂದೇ ಮಾತು, ಎಂಥ ಕಿವಿ ಅದು ಅಂತ. ತರಕಾರಿ ತರಲು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹೋದರೆ ಅಲ್ಲೂ ಅದೇ, ಕ್ಷೌರದಂಗಡಿಯಲ್ಲೂ ಅದೇ. ಆಟೋ ಸ್ಟ್ಯಾಂಡಿನಲ್ಲಿ, ಸಂಗೀತಕ್ಕೂ ತನಗೂ ಏಳು ಜನ್ಮದ ಸಂಬಂಧವಿಲ್ಲದ ಒಬ್ಬ ಆಸಾಮಿ ನನ್ನನ್ನು ತಡೆದು, "ಅವ್ರು ತಲೆ ಆಡ್ಸಿದ್ರೆ ಮುಗೀತು ಸಾರ್, ಅದೇ ಸರ್ಟಿಫಿಕೇಟು" ಅಂದ. ನಾನು ಹೂಂ ಅಂದೆ. ಇನ್ನೇನು ಅನ್ನಲಿ. ಅರ್ಧ ಆಯಸ್ಸು ಅವನ ಜೊತೆ ಕಳೆದವನು ನಾನು. ಸಂಗೀತ ಕಛೇರಿಗಳಲ್ಲಿ ಅವನ ಪಕ್ಕದ ಕುರ್ಚಿ ನನ್ನದು. ಹಾಗಾಗಿ ಎಲ್ಲರೂ ನನ್ನ ಹತ್ತಿರವೇ ಬಂದು ಅವನ ಕಿವಿಯನ್ನು ಹೊಗಳಿ ಹೋಗುತ್ತಾರೆ.

ಸತ್ತವರನ್ನು ಅವನು ಇವನು ಅನ್ನಬಾರದು, ಗೊತ್ತು. ಬದುಕಿದ್ದಾಗ ನಾನು ಅಣ್ಣಾ ಎಂದೇ ಕರೆದದ್ದು. ವಯಸ್ಸಿನಲ್ಲಿ ದೊಡ್ಡವನು, ಕೆಲಸ ಕಲಿಸಿದವನು ಅವನು. ಒಂದು ದಿನವೂ ಮರ್ಯಾದೆ ತಪ್ಪಿ ಮಾತಾಡಿದವನಲ್ಲ ನಾನು. ಆದರೆ ಅವನೂ ನಾನೂ ರೈಲು ಹತ್ತಿ ಮದ್ರಾಸಿಗೆ ಸಂಗೀತ ಕೇಳಲು ಹೋಗಿಬಂದೆವಲ್ಲ, ಅಲ್ಲಿಂದ ಈಚೆಗೆ ನನ್ನ ಮನಸ್ಸಿನೊಳಗೆ ಅವನು ಏಕವಚನಕ್ಕೆ ಇಳಿದುಬಿಟ್ಟ. ಮತ್ತೆ ಮೇಲೆ ಹತ್ತಿಸಲು ನೋಡಿದೆ, ಆಗಲಿಲ್ಲ.

ನಾನು ದಾವಣಗೆರೆ ಕಡೆಯವನು. ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಂದಾಗ ಮೊದಲ ದಿನವೇ ಗಾಬರಿಯಾಗಿದ್ದೆ. ನಮ್ಮ ವಿಭಾಗಕ್ಕೆ ಶಾಪು ಅನ್ನುತ್ತಿದ್ದರು, ಅಲ್ಲಿ ಕಬ್ಬಿಣದ ದಪ್ಪ ಹಲಗೆಗಳನ್ನು ಕತ್ತರಿಸುವುದು, ಬಡಿಯುವುದು, ಉಜ್ಜುವುದು, ಬೆಸೆಯುವುದು. ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದಷ್ಟು ಸದ್ದು. ಆದರೆ ಅಲ್ಲಿ ಎಲ್ಲರೂ ಆರಾಮಾಗಿ ಹರಟುತ್ತಿದ್ದರು. ಕನ್ನಡ, ತಮಿಳು, ತೆಲುಗು, ಮೂರೂ. ದನಿಯೇ ಇಲ್ಲ, ಬರೀ ತುಟಿ. ಅವನು ಬಂದು ನನ್ನ ಎರಡೂ ಭುಜ ಹಿಡಿದು, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಹಾಗೆ ತಿರುಗಿಸಿ ನಿಲ್ಲಿಸಿದ. ನಿಧಾನವಾಗಿ ತುಟಿ ಆಡಿಸಿದ. ಅವನು ಹೇಳಿದ್ದು ನನಗೆ ಅರ್ಥವಾಗಲು ಊಟದ ಬಿಡುವಿನವರೆಗೆ ಕಾಯಬೇಕಾಯಿತು.

"ಇಲ್ಲಿ ಬಾಯಿ ಇರೋದು ಕೇಳ್ಸೋಕಲ್ಲ ಕಣ್ಲಾ, ತೋರ್ಸೋಕೆ" ಅಂದಿದ್ದನಂತೆ.

ಭುಜ ಹಿಡಿದು ಬೆಳಕಿಗೆ ತಿರುಗಿಸುವುದು ಅವನ ಖಾಯಂ ಅಭ್ಯಾಸ. ಬೀದಿಯಲ್ಲಿ ಸಿಕ್ಕರೂ ಹಾಗೇ, ಮದುವೆ ಮನೆಯಲ್ಲೂ ಹಾಗೇ. ಮಾತಾಡುವವರ ಮುಖವನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದ. ನಿಮ್ಮ ಮಾತೊಂದೇ ಮುಖ್ಯ, ಲೋಕದಲ್ಲಿ ಬೇರೇನೂ ಇಲ್ಲ ಅನ್ನುವಷ್ಟು ಗಮನ. ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ, "ಮಾತು ಕೇಳಿಸ್ಕೊಳ್ಳೋದು ಅಂದ್ರೆ ಅವರ ಥರ ಕೇಳಿಸ್ಕೋಬೇಕು. ನೀವು ಪೇಪರ್ ಓದ್ತಾ ಹೂಂ ಅಂತೀರ."

ಅವನು ಬಂಗಾರಪೇಟೆ ಹತ್ತಿರದ ಹಳ್ಳಿಯವನು. ಬೆಳೆದದ್ದು ಮಾತ್ರ ಚಾಂಪಿಯನ್ ರೀಫ್ಸಿನಲ್ಲಿ, ಚಿನ್ನದ ಗಣಿಯೊಳಗೆ ಕೆಲಸ ಮಾಡುತ್ತಿದ್ದ ಮಾವನ ಮನೆಯಲ್ಲಿ. ಅಲ್ಲಿ ಶನಿವಾರ ಭಜನೆ, ಹಬ್ಬಕ್ಕೆ ನಾಗಸ್ವರ, ಯಾರದೋ ಮನೆಯ ರೇಡಿಯೋದಲ್ಲಿ ದಿನಾ ಕಛೇರಿ. ನೂರಾರು ಕೃತಿ ಅವನಿಗೆ ಬಾಯಿಪಾಠವಾಗಿತ್ತು. ಹಾಡುವವರು ಪಲ್ಲವಿಯ ಮೊದಲ ಪದ ಹಿಡಿಯುತ್ತಿದ್ದ ಹಾಗೆ ಇವನು ನನ್ನ ಕಡೆ ಬಾಗಿ "ಭೈರವಿ" ಅನ್ನುತ್ತಿದ್ದ. ಯಾವತ್ತೂ ತಪ್ಪಿದ್ದಿಲ್ಲ. ತಾಳವಂತೂ ಅವನ ತೊಡೆಯ ಮೇಲೆ ಗಡಿಯಾರದ ಹಾಗೆ ನಡೆಯುತ್ತಿತ್ತು. ಕೂರುವುದು ಮಾತ್ರ ಮುಂದಿನ ಸಾಲಿನ ಎಡಗಡೆಯ ಕುರ್ಚಿಯಲ್ಲೇ. ಅಲ್ಲಿಂದ ಮೃದಂಗದವರ ಕೈ ಚೆನ್ನಾಗಿ ಕಾಣುತ್ತದೆ. ಆ ಕುರ್ಚಿ ಸಿಗದಿದ್ದರೆ ಹೊಟ್ಟೆನೋವು ಎಂದೋ ತಲೆನೋವು ಎಂದೋ ಎದ್ದು ಮನೆಗೆ ಹೋಗುತ್ತಿದ್ದ. ದೊಡ್ಡ ರಸಿಕರಿಗೆ ಇಂಥ ಹಟ ಇರುತ್ತದೆ ಎಂದು ಊರವರು ಆ ಕುರ್ಚಿಯನ್ನು ಖಾಲಿ ಬಿಡುತ್ತಿದ್ದರು.

ಫೋನೆಂದರೆ ಅವನಿಗೆ ಆಗುತ್ತಿರಲಿಲ್ಲ. "ಮೊಕ ನೋಡ್ದೆ ಮಾತಾಡೋದು ಮರ್ಯಾದೆನಾ" ಅನ್ನುತ್ತಿದ್ದ. ಮೊಬೈಲು ಅಂಗಿಯ ಜೇಬಿನಲ್ಲಿ ಎದೆಗೆ ಒತ್ತಿಕೊಂಡಿರುತ್ತಿತ್ತು. ಅದು ನಡುಗಿದರೆ ಹೊರತೆಗೆದು ಯಾರ ಹೆಸರು ಎಂದು ನೋಡುತ್ತಿದ್ದ, ಆಮೇಲೆ ನಡೆದುಕೊಂಡು ಅವರ ಮನೆಗೇ ಹೋಗುತ್ತಿದ್ದ. ಒಂದು ಫೋನಿಗೆ ಉತ್ತರ ಕೊಡಲು ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆದು ಬರುವ ಮನುಷ್ಯನನ್ನು ಯಾರು ತಾನೇ ಪ್ರೀತಿಸುವುದಿಲ್ಲ. ನಾನೂ ಪ್ರೀತಿಸಿದೆ. ಅದನ್ನು ಇಲ್ಲ ಅನ್ನುವುದಿಲ್ಲ.

ಈಗ ರಾಮನವಮಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅದಕ್ಕೆ.

ರಾಬರ್ಟ್‌ಸನ್‌ಪೇಟೆಯಲ್ಲಿ ರಾಮನವಮಿಗೆ ಪೆಂಡಾಲು ಹಾಕಿ ಸಂಗೀತ ನಡೆಸುತ್ತಿದ್ದರು. ಹೊರಗಿನಿಂದ ಬರುವ ವಿದ್ವಾಂಸರ ನಡುವೆ ಒಂದು ಸಂಜೆ ನಮ್ಮವರಿಗೆ. ಹಾಡಬೇಕು ಅನ್ನುವವರನ್ನೆಲ್ಲ ಮೊದಲೇ ಒಂದು ಭಾನುವಾರ ಕೂರಿಸಿ ಹಾಡಿಸಿ ನೋಡುತ್ತಿದ್ದರು. ತೀರ್ಪು ಹೇಳುವವನು ಅವನೇ. ಅವನೋ ಎಲ್ಲರಿಗೂ ಭೇಷ್ ಅನ್ನುವ ಉದಾರಿ. ಸ್ವರವೆಂದರೇನೆಂದು ತಿಳಿಯದವರೂ ಪೆಂಡಾಲಿನಲ್ಲಿ ಕೂತು ಹಾಡಿ ಪಾನಕ ಕುಡಿದು ಹೋದದ್ದುಂಟು.

ಆಗ ನಾನು ಹಾಡುತ್ತಿದ್ದೆ. ಚಿಕ್ಕಂದಿನಲ್ಲಿ ಅತ್ತೆಯ ಹತ್ತಿರ ಒಂದಿಷ್ಟು ಕಲಿತಿದ್ದೆ. ಇಲ್ಲಿಗೆ ಬಂದ ಮೇಲೆ ಭಾನುವಾರ ಭಾನುವಾರ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ ಒಬ್ಬ ಮೇಷ್ಟ್ರ ಹತ್ತಿರ ಪಾಠ ಮುಂದುವರಿಸಿದೆ. ಆ ವರ್ಷ ರಾಮನವಮಿಗೆ ಹಾಡಿಯೇ ಸಿದ್ಧ ಎಂದು ಮನಸ್ಸು ಮಾಡಿದ್ದೆ. ಊರಿನಿಂದ ಅಪ್ಪ ಕೇಳಲು ಬರುವವರಿದ್ದರು. ಸ್ನಾನ ಮಾಡುವಾಗ, ಸೈಕಲ್ ತುಳಿಯುವಾಗ, ಶಾಪಿನ ಸದ್ದಿನೊಳಗೆ ಕೂಡ ಹಾಡುತ್ತಲೇ ಇದ್ದೆ. ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಹೊಸದಾಗಿ ಮದುವೆಯಾದ ಕಾಲ.

ಅದೇ ಹೊತ್ತಿಗೆ ರಾಮನವಮಿಯ ಸಮಿತಿಯಲ್ಲಿ ಯಾರೋ ಗೊಣಗಲು ಶುರುಮಾಡಿದ್ದರು. ಇವರದೇನು ಪರೀಕ್ಷೆ, ಬಂದವರಿಗೆಲ್ಲ ಭೇಷ್, ಕಿವಿ ಇದೆಯೋ ಇಲ್ಲವೋ ಅಂತ. ನನ್ನ ಎದುರೇ ಅಂದರು. ನಾನು ಅವರ ಮೇಲೆ ಜಗಳಕ್ಕೇ ಹೋದೆ. ಅವನ ಕಿವಿಯ ಬಗ್ಗೆ ಮಾತಾಡುವ ಯೋಗ್ಯತೆ ನಿಮಗಿದೆಯಾ ಎಂದು ಕೇಳಿದೆ. ಈ ಜಗಳದ ಸುದ್ದಿ ಅವನಿಗೂ ಮುಟ್ಟಿತು.

ಭಾನುವಾರ ನನ್ನ ಸರದಿ ಬಂತು. ಹಾಡಿದೆ. ಅವನು ಎದುರು ಕೂತು ಎಂದಿನ ಹಾಗೆ ರೆಪ್ಪೆ ಬಡಿಯದೆ ನನ್ನ ಮುಖ ನೋಡುತ್ತಿದ್ದ. ಮುಗಿದ ಮೇಲೆ ಎದ್ದು ಬಂದು, ನನ್ನ ಭುಜ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ತಮ್ಮಾ, ಬೇಜಾರ್ ಮಾಡ್ಕಬ್ಯಾಡ. ನಿಂಗೆ ಶ್ರುತಿ ನಿಲ್ಲಲ್ಲ ಕಣ್ಲಾ."

ಗೊಣಗಿದವರೇ ತಲೆತಗ್ಗಿಸಿದರು. ಜೀವದ ಗೆಳೆಯನಿಗೇ ದಾಕ್ಷಿಣ್ಯ ತೋರಿಸದ ಮನುಷ್ಯ, ಇವನ ತೀರ್ಪನ್ನು ಇನ್ನು ಯಾರು ಅನುಮಾನಿಸುತ್ತಾರೆ. ನಾನೂ ಹಾಗೇ ಅಂದುಕೊಂಡೆ. ನನ್ನ ಪೆದ್ದುತನ ನೋಡಿ, ಹೋದಲ್ಲೆಲ್ಲ ಅದನ್ನು ಹೆಮ್ಮೆಯಿಂದ ಹೇಳಿಕೊಂಡೆ. ನನಗೇ ಇಲ್ಲ ಅಂದರು ಗೊತ್ತಾ, ಅಂಥ ಪ್ರಾಮಾಣಿಕರು ಅಂತ. ಅಪ್ಪನಿಗೆ ಬರಬೇಡಿ ಎಂದು ತಿಳಿಸಿದೆ. ಮುಂದಿನ ರಾಮನವಮಿಗೆ ಅಪ್ಪ ಇರಲಿಲ್ಲ. ಬಂಗಾರಪೇಟೆಯ ಮೇಷ್ಟ್ರು ಎರಡು ಸಲ ಹೇಳಿಕಳಿಸಿದರು, ನಾನು ಹೋಗಲಿಲ್ಲ. ಹೆಂಡತಿ ಒಂದು ದಿನ, "ಶ್ರುತಿ ನಿಲ್ಲದಿದ್ರೆ ನಾನ್ಯಾಕೆ ಬಾಗಿಲಲ್ಲಿ ನಿಂತು ಕೇಳ್ತಿದ್ದೆ" ಅಂದಳು. "ನಿನಗೇನು ಗೊತ್ತು ಸುಮ್ನಿರು" ಅಂದೆ. ಆಮೇಲೆ ಸ್ನಾನದ ಮನೆಯಲ್ಲೂ ಹಾಡಲಿಲ್ಲ. ಹಾಡಬೇಕು ಅನ್ನಿಸಿದಾಗಲೆಲ್ಲ ಅವನ ಮನೆಗೆ ಹೋಗಿ ಕೂರುತ್ತಿದ್ದೆ. ಹಾಡುವವನು ಹೋಗಿ ಅವನ ಪಕ್ಕದ ಕುರ್ಚಿಯವನಾದೆ.

ಇಬ್ಬರೂ ರಿಟೈರ್ ಆದೆವು. ಒಂದು ದಿನ ಅವನು ಬಂದು, "ಲೇ ತಮ್ಮಾ, ತಮಿಳ್ರ ಮಾರ್ಗಳಿ ತಿಂಗ್ಳು ಬಂತು. ಸಾಯೋದ್ರೊಳ್ಗೆ ಒಂದ್ಸಾರಿ ಮದ್ರಾಸಿಗೆ ಓಗ್ಬರಾಣ. ಅಲ್ಲಿ ಬೀದಿಬೀದಿಯಾಗೆ ಕಛೇರಿಯಂತೆ" ಅಂದ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅವನ ಹೆಂಡತಿ, ನಾನು ಅತ್ತಿಗೆ ಅನ್ನುತ್ತಿದ್ದವರು, ಅವನಿಗೆ ಹೊಸ ರೇಷ್ಮೆ ಜುಬ್ಬಾ ಹೊಲಿಸಿದರು. ನನ್ನ ಹೆಂಡತಿ ಪುಳಿಯೋಗರೆ ಕಟ್ಟಿಕೊಟ್ಟಳು. ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ಲೋಕಲ್ ಹತ್ತಿ ಬಂಗಾರಪೇಟೆಗೆ ಬಂದು ಮದ್ರಾಸಿನ ಗಾಡಿಗೆ ಕಾದೆವು.

ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮೈಕಿನಲ್ಲಿ ಕೂಗಿದರು. ಜನವೆಲ್ಲ ಎದ್ದು ಮೆಟ್ಟಿಲ ಕಡೆ ಓಡಿದರು. ಅವನು ಕೂತೇ ಇದ್ದ. "ಎಲ್ಗೆ ಓಗ್ತವ್ರೆ ಇವ್ರೆಲ್ಲ" ಎಂದು ಕೇಳಿದ. ಸಂಗೀತದ ಧ್ಯಾನದಲ್ಲಿದ್ದಾನೆ ಪುಣ್ಯಾತ್ಮ ಅಂದುಕೊಂಡು ನಾನೇ ಅವನ ಚೀಲ ಎತ್ತಿಕೊಂಡೆ. ಗಾಡಿಯಲ್ಲಿ ಎದುರು ಕೂತಿದ್ದ ತಮಿಳು ದಂಪತಿಗಳೂ ಕಛೇರಿ ಕೇಳಲು ಹೊರಟವರೇ. ಜೋಲಾರಪೇಟೆ ಬರುವಷ್ಟರಲ್ಲಿ ಅವರು ಇವನ ಶಿಷ್ಯರಾಗಿಬಿಟ್ಟಿದ್ದರು. ಯಾವ ಕೃತಿ ಯಾವ ರಾಗ, ಯಾವ ತಾಳ, ಯಾವ ಚರಣದಲ್ಲಿ ಅಂಕಿತ, ಎಲ್ಲ ಪಟಪಟನೆ ಹೇಳುತ್ತಿದ್ದ. ಆ ಹೆಂಗಸು ಒಮ್ಮೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಏನೋ ಕೇಳಿದರು. ಇವನು ಉತ್ತರ ಕೊಡಲಿಲ್ಲ. ನಾನು ಕೊಟ್ಟೆ. ಅವನು ಬಿಟ್ಟ ಜಾಗವನ್ನು ನಾನು ತುಂಬುವುದು ಎಷ್ಟೋ ವರ್ಷದ ರೂಢಿ, ಯಾಕೆಂದು ಯೋಚಿಸಿದ್ದೇ ಇಲ್ಲ.

ಮಾರನೆಯ ದಿನ ಮಧ್ಯಾಹ್ನದ ಕಛೇರಿಗೆ ಬೇಗ ಹೋಗಿ ಮುಂದಿನ ಸಾಲಿನ ಎಡಗಡೆಯ ಕುರ್ಚಿ ಹಿಡಿದೆವು. ಹೊಸ ಜುಬ್ಬಾಕ್ಕೆ ಎದೆಯ ಮೇಲೆ ಜೇಬಿರಲಿಲ್ಲ. ಮೊಬೈಲನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕುರ್ಚಿಯ ಕೆಳಗಿಟ್ಟ. ಒಬ್ಬ ಹುಡುಗಿ, ಇಪ್ಪತ್ತರ ಆಸುಪಾಸು, ತೋಡಿ ಎಂದು ಹೇಳಿ ಆಲಾಪನೆ ಎತ್ತಿಕೊಂಡಳು. ಏನು ಕಂಠ, ಏನು ನಿಧಾನ. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ಅಂಥ ಹೊತ್ತಿನಲ್ಲಿ ಅವನ ಕುರ್ಚಿಯ ಕೆಳಗಿನಿಂದ ಯಾವುದೋ ಸಿನಿಮಾದ ಡೋಲು ಬಡಿತ, ಜೊತೆಗೆ ಶಿಳ್ಳೆ, ಕಿವಿ ಹರಿಯುವ ಹಾಗೆ ಶುರುವಾಯಿತು. ಅವನ ಮಗಳು ಫೋನ್ ಮಾಡಿದ್ದಳು.

ಇಡೀ ಸಭೆ ತಿರುಗಿ ನೋಡಿತು. ಹಾಡುತ್ತಿದ್ದ ಹುಡುಗಿ ಕಣ್ಣು ತೆರೆದಳು. ಡೋಲು ಬಾರಿಸುತ್ತಲೇ ಇದೆ, ಇವನು ಪಿಟೀಲಿನವನ ಬೆರಳು ನೋಡುತ್ತ ಸುಖವಾಗಿ ತಲೆದೂಗುತ್ತಿದ್ದಾನೆ. ನಾನು ತೊಡೆ ತಟ್ಟಿದೆ. ನನ್ನ ಕಡೆ ತಿರುಗಿ, "ಆಹಾ, ಏನ್ ತೋಡಿ ಕಣ್ಲಾ" ಅಂದ. ಆಮೇಲೆ ನನ್ನ ಮುಖ ನೋಡಿದ. ಸುತ್ತಲಿನ ಮುಖಗಳನ್ನು ನೋಡಿದ. ನನ್ನ ತುಟಿ ಫೋನು ಅಂದದ್ದನ್ನು ಓದಿಕೊಂಡ. ಅವನ ಮುಖದ ಬಣ್ಣ ಹೋದದ್ದು ನನಗೆ ಕಾಣಿಸಿತು. ಸಭೆಯ ಕಡೆಯವರೊಬ್ಬರು ಬಂದು ಚೀಲದೊಳಗೆ ಕೈಹಾಕಿ ತಾವೇ ಅದರ ಬಾಯಿ ಮುಚ್ಚಿಸಿದರು.

ಕೃತಿ ಶುರುವಾಯಿತು. ಅವನ ಕೈ ಮತ್ತೆ ತಾಳ ಹಿಡಿಯಿತು, ಕಣ್ಣು ಮೃದಂಗದ ಮೇಲೆ. ನಾನು ಟವೆಲಿನಿಂದ ಬಾಯಿ ಒರೆಸುವ ಹಾಗೆ ಮಾಡಿ, ಅವನ ಕಿವಿಯ ಪಕ್ಕದಲ್ಲೇ ಸ್ಪಷ್ಟವಾಗಿ ಹೇಳಿದೆ. "ಅಣ್ಣಾ, ನಿಮ್ಮ ಮನೆಗೆ ಬೆಂಕಿ ಬಿದ್ದಿದೆ."

ತಾಳ ಒಂದಿಷ್ಟೂ ತಪ್ಪಲಿಲ್ಲ.

ಮೂರು ದಿನ ಇರುವುದೆಂದು ಹೋದವರು ಮಾರನೆಯ ದಿನವೇ ಹಗಲು ಗಾಡಿ ಹತ್ತಿದೆವು. ಎದುರುಬದುರು ಕೂತೆವು. ಕಾಟ್ಪಾಡಿಯವರೆಗೆ ಅವನು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಗಾಡಿ ದೊಡ್ಡ ಸೇತುವೆಯ ಮೇಲೆ ಬಂದು ಕಬ್ಬಿಣ ಕಿರುಚಲು ಶುರುವಾದಾಗ ಇನ್ನು ತಡೆಯಲಾಗಲಿಲ್ಲ. ಎದ್ದು, ಅವನ ಎರಡೂ ಭುಜ ಹಿಡಿದು, ಬೆಳಕಿಗೆ ತಿರುಗಿಸಿದೆ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಅವನಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ.

"ಯಾವಾಗಿಂದ?"

"ಶಾಪಿಗೆ ಸೇರಿ ಒಂದಿಷ್ಟ್ ವರ್ಸಕ್ಕೆ ಶುರುವಾತು" ಅಂದ, ನಾನು ತುಟಿಯಲ್ಲೇ ಓದಿಕೊಂಡೆ. "ಏಳಿದ್ರೆ ಶಾಪಿಂದ ತೆಗ್ದು ಗೇಟ್‌ನಾಗೆ ಕೂರಿಸ್ತಾರೆ ಅಂತ ಸುಮ್ಕಿದ್ದೆ. ಆಮ್ಯಾಕೆ ಜನ ದೊಡ್ ಕಿವಿ ಅನ್ನೋಕೆ ಶುರುಮಾಡಿದ್ರು. ಅದ್ರಮ್ಯಾಲೆ ಎಂಗೆ ಏಳೋದು."

"ನಾನು ಹಾಡಿದ ದಿನ ಕೇಳಿಸ್ತಿತ್ತಾ?"

ಅವನು ಮುಖ ತಿರುಗಿಸಲು ನೋಡಿದ. ನಾನು ಬಿಡಲಿಲ್ಲ.

"ಇಲ್ಲ."

"ಸ್ವಲ್ಪಾನೂ?"

"ಏನೂ ಇಲ್ಲ ಕಣ್ಲಾ. ಬಾಯಿ ಆಡ್ತಿತ್ತು, ಅಷ್ಟೇಯ."

"ಮತ್ತೆ ಶ್ರುತಿ ನಿಲ್ಲಲ್ಲ ಅಂದ್ರಲ್ಲ."

ಸೇತುವೆ ಮುಗಿದ ಮೇಲೆ ಅವನು ಮೆಲ್ಲಗೆ ಹೇಳಿದ. "ಎಲ್ಲಾರ್ಗೂ ಭೇಷ್ ಅಂತಿದ್ದೆ. ಜನ ಅನುಮಾನ ಪಡೋಕೆ ಶುರುಮಾಡಿದ್ರು, ನೀನೇ ಜಗಳ ಆಡಿದ್ಯಲ್ಲ. ಯಾರ್ಗಾದ್ರೂ ಒಬ್ರಿಗೆ ಇಲ್ಲ ಅನ್ಲೇಬೇಕಾತು. ಬ್ಯಾರೆಯೋರ್ಗೆ ಅಂದಿದ್ರೆ ತಿರುಗಿ ಬೀಳೋರು, ಇನ್ನೊಬ್ರನ್ನ ಕರ್ಸಿ ಕೇಳ್ಸಿ ಅನ್ನೋರು. ನೀನು ನಮ್ಮೋನು. ನೀನಾದ್ರೆ ತಡ್ಕತೀಯ ಅನ್ಕಂಡೆ."

ನಂಬಿಸಿ ಕತ್ತು ಕೊಯ್ಯುವುದು ಎಂದು ಕೇಳಿದ್ದೆ. ಹೀಗೆ, ಪ್ರೀತಿಯ ಲೆಕ್ಕದಲ್ಲಿ ಕೊಯ್ಯುತ್ತಾರೆ ಎಂದು ಗೊತ್ತಿರಲಿಲ್ಲ. ನಾನು ಕೆಟ್ಟದಾಗಿ ಹಾಡಿದ್ದರೆ ಸರಿ, ಅನುಭವಿಸುತ್ತಿದ್ದೆ. ಚೆನ್ನಾಗಿ ಹಾಡಿ ಹೊಟ್ಟೆಕಿಚ್ಚಿಗೆ ಇಲ್ಲ ಅಂದಿದ್ದರೂ ಒಂದು ಸಮಾಧಾನವಿರುತ್ತಿತ್ತು, ಕೇಳಿಸಿಕೊಂಡಾದರೂ ಅಂದನಲ್ಲ ಅಂತ. ಇವನು ನನ್ನನ್ನು ಆರಿಸಿದ್ದು ನಾನು ಜಗಳವಾಡುವುದಿಲ್ಲ ಎಂಬ ಧೈರ್ಯದ ಮೇಲೆ. ನನ್ನ ಅಪ್ಪ ಕೇಳದೆ ಹೋದ ಹಾಡು, ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹಾಡು, ಅದೆಲ್ಲ ಅವನ ಮರ್ಯಾದೆಗೆ ಹಾಕಿದ ಅಸ್ತಿವಾರವಾಯಿತು. ನನಗೆ ಅಳು ಬಂತು. ಗಾಡಿಯ ತುಂಬ ಜನ, ಅವರ ಮುಂದೆಯೇ ಅತ್ತೆ.

ಅವನು ಪುಳಿಯೋಗರೆಯ ಖಾಲಿ ಡಬ್ಬಿಯನ್ನು ಒರೆಸಿ ಒರೆಸಿ ನನ್ನ ಚೀಲಕ್ಕೆ ಹಾಕಿದ. ಬಂಗಾರಪೇಟೆಯಲ್ಲಿ ಇಳಿದಾಗ, "ತಮ್ಮಾ, ಪಾನಿಪುರಿ ತಿಂತೀಯ" ಎಂದು ಕೇಳಿದ. ಆ ಊರಿನಲ್ಲಿ ಇಳಿದಾಗಲೆಲ್ಲ ತಿನ್ನುವುದು ನಮ್ಮ ರೂಢಿ. ನಾನು ಹೋಗಿ ಲೋಕಲ್ ಗಾಡಿಯ ಬೇರೆ ಡಬ್ಬಿಯಲ್ಲಿ ಕೂತೆ.

ಆಮೇಲೆ ಅವನು ಮೂರು ನಾಲ್ಕು ಸಲ ನನ್ನ ಮನೆಯ ಗೇಟಿನವರೆಗೆ ಬಂದ. ನಾನು ಬೆನ್ನು ತಿರುಗಿಸಿಯೇ ಮಾತಾಡಿದೆ. ಬೆನ್ನಿಗೆ ತುಟಿ ಇರುವುದಿಲ್ಲವಲ್ಲ, ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ. ಊರಿನಲ್ಲಿ ಯಾರಿಗೂ ಗುಟ್ಟು ಹೇಳಲಿಲ್ಲ. ಅವನ ಮೇಲಿನ ಕರುಣೆಯಿಂದಲ್ಲ, ಕಿವುಡನ ಮಾತು ಕೇಳಿ ಹಾಡು ಬಿಟ್ಟ ಎಂದು ನನ್ನನ್ನು ನೋಡಿ ನಗುತ್ತಾರೆ ಅಂತ. ಒಂದು ದಿನ ಬೆಳಿಗ್ಗೆ ಅವನ ಮಗಳು ಫೋನ್ ಮಾಡಿ, ಅಪ್ಪ ಹೋದರು ಅಂದಳು.

ತಿಥಿಯ ದಿನ ಊಟಕ್ಕೆ ಮೊದಲು ಭಜನೆ ಇಟ್ಟುಕೊಂಡಿದ್ದರು. ನಮ್ಮ ಶಾಪಿನ ಹಳಬರೆಲ್ಲ ಬಂದಿದ್ದರು. ಹಾರ ಹಾಕಿದ ಫೋಟೋವನ್ನು, ನೋಡಿ, ಒಂದು ಕುರ್ಚಿಯ ಮೇಲೆ ಎಡಗಡೆ ಮುಂದೆ ಇಟ್ಟಿದ್ದರು. ಅತ್ತಿಗೆ ಎಲ್ಲರೆದುರು ನನ್ನ ಹತ್ತಿರ ಬಂದರು. ಅವರಿಗೆ ಎಲ್ಲ ಗೊತ್ತಿತ್ತು. ಕಟ್ಟಿಕೊಂಡ ಹೆಂಡತಿಗೆ ಗೊತ್ತಿಲ್ಲದೆ ಇರುತ್ತದೆಯೇ. "ನೀವು ಒಂದ್ ದೇವರ್ನಾಮ ಏಳಿ, ತಮ್ಮಯ್ಯ. ಇವತ್ತಾದ್ರೂ ಏಳಿ" ಅಂದು ಕೈಮುಗಿದರು.

ಒಲ್ಲೆ ಅನ್ನಬೇಕಿತ್ತು. ಆದರೆ ಆ ಫೋಟೋದ ಕಣ್ಣು ಎಂದಿನ ಹಾಗೆ ನನ್ನ ಮುಖವನ್ನೇ ನೋಡುತ್ತಿತ್ತು. ರಕ್ತ ಕುದಿಯಿತು. ಇವತ್ತು ತೋರಿಸುತ್ತೇನೆ, ಇಷ್ಟು ಜನರ ಮುಂದೆ ತೋರಿಸುತ್ತೇನೆ ಅಂದುಕೊಂಡೆ. ಯಾರೋ ಮೊಬೈಲಿನಲ್ಲಿ ಶ್ರುತಿ ಹಾಕಿದರು. ಆ ಭಾನುವಾರ ಅವನೆದುರು ಹಾಡಿದ್ದ ದೇವರನಾಮವನ್ನೇ ಎತ್ತಿಕೊಂಡೆ. ಮೊದಲ ಸಾಲು ಹೇಗೋ ಬಂತು. ಅನುಪಲ್ಲವಿಯಲ್ಲಿ ಮೇಲಿನ ಷಡ್ಜಕ್ಕೆ ಹೋಗಬೇಕು. ಹೋದೆ. ದನಿ ಅಲ್ಲಿ ನಿಲ್ಲಲಿಲ್ಲ. ನಡುಗಿತು, ಜಾರಿತು, ಒಡೆಯಿತು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಗಂಟಲು, ಇನ್ನೇನಾಗುತ್ತದೆ. ಮತ್ತೆ ಹಿಡಿಯಲು ನೋಡಿದೆ, ಮತ್ತೆ ಜಾರಿತು. ನನ್ನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು, ತಲೆತಗ್ಗಿಸಿದಳು. ಅರ್ಧಕ್ಕೇ ಕೈಮುಗಿದು ನಿಲ್ಲಿಸಿದೆ.

ಯಾರೂ ನಗಲಿಲ್ಲ. ಹಿಂದೆ ಕೂತಿದ್ದ ಶಾಪಿನ ಹಳೆಯ ಮನುಷ್ಯನೊಬ್ಬ ಪಕ್ಕದವನಿಗೆ, ಮೆಲ್ಲಗೇ ಅಂದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಅವತ್ತೇ ಏಳಿದ್ರು ನೋಡು, ಶ್ರುತಿ ನಿಲ್ಲಲ್ಲ ಅಂತ. ಎಂಥ ಕಿವಿ ಕಣಪ್ಪಾ ಅದು."

ಹೌದು ಹೌದು ಎಂದು ಇಡೀ ಕೋಣೆ ತಲೆಯಾಡಿಸಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾನು ಎದ್ದು ಫೋಟೋದ ಮುಂದೆ ಹೋಗಿ, ಎಲ್ಲರ ಹಾಗೆ ಎರಡು ಹೂವು ಹಾಕಿದೆ. ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ನಿಂತುಕೊಂಡೆ. ಆಮೇಲೆ, ಅವನೇ ಕಲಿಸಿಕೊಟ್ಟ ಹಾಗೆ, ದನಿ ಹೊರಡಿಸದೆ, ಬರೀ ತುಟಿಯಲ್ಲಿ, ನಿಧಾನವಾಗಿ ಬೈದೆ.

ಪಾಪಿ ನನ್ನ ಮಗನೇ.